ಒಂಬತ್ತು ಪದ್ಯದಷ್ಟು ಗಾಳಿ

ನಾನು ಒಂದು ದಿನವೂ ಆಕಾಶಕ್ಕೆ ಏರಲಿಲ್ಲ. ಏರುವವರನ್ನು ಎಬ್ಬಿಸಿ ಕಳಿಸುವುದು, ಅವರು ಕಣ್ಮರೆಯಾಗುವವರೆಗೆ ನೆಲದ ಮೇಲೆ ನಿಂತು ನೋಡುವುದು, ಇಷ್ಟೇ ನನ್ನ ಪಾಲಿಗೆ ಬಂದ ಕೆಲಸ. ನಾಲ್ಕು ಚಕ್ರ, ಹಳದಿ ಬಣ್ಣದ ತಗಡಿನ ಮೈ, ಹೊಟ್ಟೆಯೊಳಗೆ ಒಂದು ಡೀಸೆಲ್ ಎಂಜಿನ್, ಅದರ ಪಕ್ಕದಲ್ಲಿ ಗಾಳಿಯನ್ನು ಅದುಮಿ ಹಿಡಿಯುವ ಯಂತ್ರ, ಬೆನ್ನಿನ ಮೇಲೆ ಸುರುಳಿ ಸುತ್ತಿದ ದಪ್ಪ ಕೊಳವೆ. ಕಾಗದಪತ್ರಗಳಲ್ಲಿ ನನ್ನ ಹೆಸರು ಏರ್ ಸ್ಟಾರ್ಟ್ ಯುನಿಟ್. ಜನರ ಬಾಯಲ್ಲಿ ಊದುಗಾಡಿ. ಚೌಡಪ್ಪನ ಬಾಯಲ್ಲಿ ಮಾತ್ರ ಎಮ್ಮೆ.

ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳು ನನಗೂ ಇವೆ. ಆದರೆ ಈ ವಯಸ್ಸಿನಲ್ಲಿ, ಶೆಡ್ಡಿನ ಮೂಲೆಯಲ್ಲಿ ಒಂಟಿಯಾಗಿ ನಿಂತಾಗ, ಅವು ಯಾವುವೂ ನೆನಪಿಗೆ ಬರುವುದಿಲ್ಲ. ಬರುವುದು ನಾನು ಜನ್ಮದಲ್ಲೇ ಅತ್ಯಂತ ಚೆನ್ನಾಗಿ ಊದಿದ ಒಂದು ದಿನ. ಆ ದಿನವನ್ನು ನೆನೆದರೆ ಇಂದಿಗೂ ನಾಚಿಕೆಯಿಂದ ನನ್ನ ತಗಡು ಬಿಸಿಯಾಗುತ್ತದೆ. ಅದನ್ನು ಹೇಳಬೇಕೆಂದೇ ಇಷ್ಟು ಹಿಂದಿನಿಂದ ಶುರುಮಾಡುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಅಂಚಿನ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ. ಬೆಸುಗೆಯ ಕಿಡಿಗಳೇ ನನಗೆ ಮೊದಲ ಬೆಳಕು. ಮೊದಲ ಸಲ ನನ್ನನ್ನು ಚಾಲೂ ಮಾಡಿದ ದಿನ ಕೊಳವೆಯ ಬಾಯನ್ನು ಯಾರೋ ತಪ್ಪು ದಿಕ್ಕಿಗೆ ತಿರುಗಿಸಿಟ್ಟಿದ್ದರು. ನನ್ನ ಮೊದಲ ಉಸಿರಿಗೆ ಮೇಸ್ತ್ರಿಯ ಊಟದ ಡಬ್ಬಿ ಹಾರಿ, ಚಿತ್ರಾನ್ನವೆಲ್ಲ ಗೋಡೆಗೆ ಮೆತ್ತಿಕೊಂಡಿತು. ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗದೆ, ನನ್ನ ಮೈ ತಟ್ಟಿ, "ದಮ್ ಇದೆ ಕಣ್ರೋ ಇದಕ್ಕೆ" ಅಂದ. ಹೊಗಳಿಕೆಯ ರುಚಿ ನನಗೆ ಹತ್ತಿದ್ದು ಅಂದೇ. ಅದು ಒಳ್ಳೆಯ ರುಚಿಯಲ್ಲ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಅಲ್ಲಿಂದ ನನ್ನನ್ನು ಹಳೆಯ ವಿಮಾನ ನಿಲ್ದಾಣಕ್ಕೆ ಎಳೆದುಕೊಂಡು ಹೋದರು. ಸರಕು ಸಾಗಿಸುವ ಒಂದು ಕಂಪನಿಯ ಕೈಗೆ ಬಿದ್ದೆ. ಆ ಕಂಪನಿಯ ವಿಮಾನಗಳು ದೊಡ್ಡವು, ಆದರೆ ಹಳೆಯವು. ವಿಮಾನದ ಬಾಲದಲ್ಲಿ ಒಂದು ಸಣ್ಣ ಎಂಜಿನ್ ಇರುತ್ತದೆ. ದೊಡ್ಡ ಎಂಜಿನ್‌ಗಳನ್ನು ಎಬ್ಬಿಸುವ ಗಾಳಿಯನ್ನು ಅದೇ ಕೊಡಬೇಕು. ಈ ಮುದಿ ವಿಮಾನಗಳಲ್ಲಿ ಅದು ವಾರಕ್ಕೆ ಮೂರು ದಿನ ಕೈಕೊಡುತ್ತಿತ್ತು. ಆಗ ನನಗೆ ಕರೆ ಬರುತ್ತಿತ್ತು.

ಕೆಲಸ ಹೀಗೆ. ವಿಮಾನದ ಹೊಟ್ಟೆಯ ಕೆಳಗೆ ಒಂದು ಪುಟ್ಟ ಬಾಗಿಲಿದೆ. ನನ್ನ ಕೊಳವೆಯನ್ನು ಅಲ್ಲಿ ಸಿಕ್ಕಿಸುತ್ತಾರೆ. ನಾನು ಊದುತ್ತೇನೆ. ಆ ಉಸಿರು ಒಳದಾರಿಯಲ್ಲಿ ಹೋಗಿ ದೊಡ್ಡ ಎಂಜಿನ್ನಿನ ದಂಡವನ್ನು ತಿರುಗಿಸುತ್ತದೆ. ಮೊದಲು ಮಲಗಿದ್ದವರು ಮಗ್ಗುಲು ಬದಲಿಸಿದಷ್ಟು ನಿಧಾನ. ಆಮೇಲೆ ಒಂದು ಗುಂಯ್ ಎಂಬ ದನಿ. ದನಿ ಏರಿ ಒಂದು ಹದಕ್ಕೆ ಬಂದಾಗ ಮೇಲೆ ಕೂತವರು ಎಣ್ಣೆ ಬಿಡುತ್ತಾರೆ, ಒಳಗೆ ಬೆಂಕಿ ಹೊತ್ತಿಕೊಳ್ಳುತ್ತದೆ, ಮತ್ತೆ ಅದಕ್ಕೆ ನನ್ನ ಹಂಗಿಲ್ಲ. ಒಂದು ಎಂಜಿನ್ ಎದ್ದರೆ ಸಾಕು, ಜೊತೆಯದನ್ನು ಅದೇ ಎಬ್ಬಿಸಿಕೊಳ್ಳುತ್ತದೆ. ನನ್ನ ಕೊಳವೆ ಬಿಚ್ಚಿ ಪಕ್ಕಕ್ಕೆ ಎಳೆಯುತ್ತಾರೆ. ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ನಾಮಕರಣಕ್ಕೆ ಕರೆಯದ ಹಾಗೆ.

ನಾನು ತಗ್ಗಿನಲ್ಲಿ ಇರುವುದರಿಂದ ಮನುಷ್ಯರನ್ನು ಗುರುತಿಸುವುದು ಅವರ ಪಾದರಕ್ಷೆಗಳಿಂದ. ಕೋಲಾರದ ಕಡೆಯ ಚೌಡಪ್ಪನದು ಕಂಪನಿಯವರು ಕೊಟ್ಟ ಕಪ್ಪು ಬೂಟು, ಬಲಗಾಲಿನದಕ್ಕೆ ದಾರ ಬೇರೆ ಬಣ್ಣದ್ದು. ನನ್ನನ್ನು ಓಡಿಸುವವನು ಅವನು. ಬೆಳಗಾದರೆ ಒದ್ದೆ ಬಟ್ಟೆಯಿಂದ ನನ್ನ ಮೈ ಒರೆಸುತ್ತಿದ್ದ, ಎಣ್ಣೆ ನೋಡುತ್ತಿದ್ದ, ಕೊಳವೆಯ ಬಾಯಲ್ಲಿ ಕಲ್ಲಿನ ಹರಳು ಸಿಕ್ಕಿದೆಯೇ ಎಂದು ಕೈಹಾಕಿ ತಡಕುತ್ತಿದ್ದ. ಅವನ ಕೆಲಸ ಹನ್ನೊಂದು ವರ್ಷದಿಂದಲೂ ಗುತ್ತಿಗೆಯದು. "ಈ ಸಲ ಖಾಯಂ ಮಾಡ್ತಾರಂತೆ ಎಮ್ಮೆ. ಹೆಸರು ಪಟ್ಟಿಗೆ ಹೋಗ್ಯದಂತೆ" ಎಂದು ಪ್ರತಿ ಯುಗಾದಿಗೂ ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಇನ್ನೊಂದು ಜೊತೆ ಧರಣೇಂದ್ರಯ್ಯನವರದು. ಕಂದು ಬಣ್ಣದ ಬೂಟು, ಸದಾ ಒರೆಸಿದ್ದು. ಅವರು ಎಂಜಿನ್ ಮೆಕ್ಯಾನಿಕ್. ಎಂಜಿನ್ ಎಬ್ಬಿಸುವಾಗ ಕೆಳಗೆ ನಿಂತು, ಕಿವಿಗೆ ಸಾಧನ ಸಿಕ್ಕಿಸಿಕೊಂಡು, ಮೇಲೆ ಕೂತ ಪೈಲಟ್ ಜೊತೆ ಮಾತಾಡುವವರು. ಶ್ರವಣಬೆಳಗೊಳದ ಹತ್ತಿರದ ಜೈನರ ಮನೆಯಿಂದ ಬಂದವರು. ತಾಯಿ ಇಲ್ಲದ ಅವರನ್ನು ಸೋದರತ್ತೆ ಸಾಕಿದರು. ಆಕೆ ಬಸದಿಯಲ್ಲಿ ಕಾವ್ಯ ಓದುತ್ತಿದ್ದವರು. ಹಾಗಾಗಿ ಇವರಿಗೆ ಅಕ್ಷರಕ್ಕೆ ಮೊದಲು ಪದ್ಯ ಬಂದಿತ್ತು. ಮಾತು ಕಡಿಮೆ. ತುಟಿ ಮಾತ್ರ ಸದಾ ಅಲ್ಲಾಡುತ್ತಿತ್ತು.

ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ. ಬೇಕಾಗಿರಲಿಲ್ಲ. ದೊಡ್ಡ ಎಂಜಿನ್‌ಗಳ ವಿಚಾರದಲ್ಲಿ ಕಾಯುವುದೇ ಅರ್ಧ ಕೆಲಸ. ಹಾರಿ ಬಂದ ಎಂಜಿನ್ನನ್ನು ತಟ್ಟನೆ ಆರಿಸಬಾರದು. ಮೂರು ನಿಮಿಷ ಸುಮ್ಮನೆ ಮೆಲ್ಲಗೆ ಓಡಲು ಬಿಟ್ಟು, ಬಿಸಿ ಇಳಿದ ಮೇಲೆ ಆರಿಸಬೇಕು. ಆರಿಸಿದ ಮೇಲೂ ಒಳಗಿನ ಕಾವು ಮೇಲ್ಮುಖವಾಗಿ ಏರುತ್ತದೆ. ದಂಡದ ಮೇಲಿನ ಮಗ್ಗುಲು ಬಿಸಿ, ಕೆಳಗಿನ ಮಗ್ಗುಲು ತಣ್ಣಗೆ. ಒಂದೇ ಕಡೆ ಬೆಂದ ರೊಟ್ಟಿ ತವೆಯ ಮೇಲೆ ಡೊಂಕಾಗುವುದಿಲ್ಲವೇ, ಹಾಗೆ ಆ ದಂಡ ಕೂದಲೆಳೆಯಷ್ಟು ಬಾಗುತ್ತದೆ. ಎಂಟು ಹತ್ತು ಗಂಟೆ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಗಂಟೆ ಎರಡು ಗಂಟೆಯೊಳಗೆ ಮತ್ತೆ ಎಬ್ಬಿಸಬೇಕೆಂದರೆ ಮಾತ್ರ, ಬೆಂಕಿ ಕೊಡುವ ಮೊದಲು, ಬರೀ ನನ್ನ ಗಾಳಿಯಲ್ಲಿ ಮೂರು ನಿಮಿಷ ಮೆಲ್ಲಗೆ ತಿರುಗಿಸಬೇಕು. ತಿರುಗುತ್ತ ತಿರುಗುತ್ತ ಎಲ್ಲ ಮಗ್ಗುಲೂ ಒಂದೇ ಹದಕ್ಕೆ ಬಂದು, ಬಾಗಿದ ನಡು ನೆಟ್ಟಗಾಗುತ್ತದೆ. ಆತುರಪಟ್ಟರೆ ದಂಡಕ್ಕೆ ಜೋಡಿಸಿದ ಒಳಗಿನ ರೆಕ್ಕೆಗಳ ತುದಿ ಸುತ್ತಲಿನ ಗೋಡೆಗೆ ಉಜ್ಜಿ ಹಾಳಾಗುತ್ತವೆ.

ಆ ಮೂರು ನಿಮಿಷವನ್ನು ಧರಣೇಂದ್ರಯ್ಯನವರು ಪದ್ಯದಲ್ಲಿ ಅಳೆಯುತ್ತಿದ್ದರು. ವಾರ್ಧಕ ಷಟ್ಪದಿಯೆಂದರೆ ಉದ್ದ ಸಾಲುಗಳ, ನಿಧಾನ ನಡೆಯ ಪದ್ಯ. ಅತ್ತೆ ಕಲಿಸಿದ ಧಾಟಿಯಲ್ಲಿ ಹೇಳಿದರೆ ಒಂದಕ್ಕೆ ಇಪ್ಪತ್ತು ಸೆಕೆಂಡು. ಒಂಬತ್ತು ಪದ್ಯಕ್ಕೆ ಸರಿಯಾಗಿ ಮೂರು ನಿಮಿಷ. ಒಂಬತ್ತನೆಯದು ಮುಗಿದು ಅವರು ಕೈ ಎತ್ತಿದರೆ ಮೇಲಿನವರು ಎಣ್ಣೆ ಬಿಡುತ್ತಿದ್ದರು. ಪೈಲಟ್‌ಗಳ ಎದುರಿಗೂ ಗಡಿಯಾರ ಇತ್ತು. ಮೊದಮೊದಲು ಹೋಲಿಸಿ ನೋಡಿದರು, ಒಂದೆರಡು ಸೆಕೆಂಡೂ ಆಚೀಚೆ ಆಗದ್ದು ಕಂಡು ಆಮೇಲೆ ನೋಡುವುದನ್ನೇ ಬಿಟ್ಟರು.

ಚೌಡಪ್ಪ ತಮಾಷೆ ಮಾಡುತ್ತಿದ್ದ. "ಏನ್ ಸ್ವಾಮಿ, ಇವತ್ತು ಎಷ್ಟು ಪದ್ಯದ ಕೆಲಸ?"

"ಒಂಬತ್ತು."

"ಒಂದು ಜಾಸ್ತಿನೇ ಹೇಳಿ. ನಮ್ಮ ಎಮ್ಮೆ ಪುಣ್ಯಕ್ಕೂ ಬೇಕಲ್ಲ."

"ಎಮ್ಮೆ ಊದಲಿ. ಪುಣ್ಯ ತಾನೇ ಬರ್ತದೆ."

ನಿಜ ಹೇಳಬೇಕೆಂದರೆ ನನಗೂ ಆ ಪದ್ಯಗಳು ಬಾಯಿಗೆ ಬಂದಿದ್ದವು. ನನ್ನ ಗದ್ದಲದಲ್ಲಿ ಅವರ ದನಿ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಅವರು ಎಡಗೈಯನ್ನು ನನ್ನ ತಗಡಿನ ಮೇಲೆ ಇಟ್ಟುಕೊಂಡು, ಪ್ರತಿ ಸಾಲಿಗೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಚೌಡಪ್ಪ ನನ್ನ ಇನ್ನೊಂದು ಮಗ್ಗುಲಲ್ಲಿ, ಗಾಳಿ ಬಿಡುವ ಸನ್ನೆಕೋಲಿನ ಮೇಲೆ ಕೈ ಇಟ್ಟು ನಿಂತಿರುತ್ತಿದ್ದ. ಆ ತಾಳ ತಗಡಿನ ಮೂಲಕ ಅವನ ಕೈಗೂ ಮುಟ್ಟುತ್ತಿತ್ತೋ ಏನೋ, ಆಗ ನಾನು ಯೋಚಿಸಲಿಲ್ಲ.

ಹೀಗೆ ವರ್ಷಗಳು ಹೋದವು. ನನಗೂ ವಯಸ್ಸಾಯಿತು. ಆಗಾಗ ಒಂದು ಕೆಮ್ಮು ಬರುತ್ತಿತ್ತು. ಊದುವ ನಡುವೆ ಉಸಿರು ಒಂದು ಕ್ಷಣ ಕುಸಿದು ಮತ್ತೆ ಏರುತ್ತಿತ್ತು. ಚೌಡಪ್ಪ ಅದನ್ನು ಗಮನಿಸಿ ಮೇಲಧಿಕಾರಿಗಳಿಗೆ ಹೇಳಿದ. "ಸಾರ್, ಗಾಡಿಗೆ ಉಬ್ಬಸ ಬತ್ತದೆ. ಒಂದ್ಸಲ ಬಿಚ್ಚಿ ನೋಡ್ಸಿ." ಯಾರೂ ಬಿಚ್ಚಿ ನೋಡಲಿಲ್ಲ. ನನಗೆ ಮಾತ್ರ ಅವನ ಮೇಲೆ ಸಿಟ್ಟು ಬಂತು. ಎಲ್ಲರೆದುರು ನನ್ನ ರೋಗ ಹೇಳಿಬಿಟ್ಟನಲ್ಲ ಎಂದು. ಮೈ ಒರೆಸುವವನು ಕಾಳಜಿಯಿಂದ ಹೇಳಿದ ಮಾತು ನನಗೆ ಅವಮಾನದಂತೆ ಕೇಳಿಸಿತು. ಆ ಸಿಟ್ಟನ್ನು ನಾನು ಇಟ್ಟುಕೊಂಡೆ.

ಅದು ಫೆಬ್ರವರಿ ತಿಂಗಳು. ಬೆಳಿಗ್ಗೆ ಎಂಟಕ್ಕೆ ಒಂದು ವಿಮಾನ ಬಂದಿಳಿಯಿತು. ಒಂಬತ್ತೂವರೆಗೆ ಗುಲಾಬಿ ತುಂಬಿಕೊಂಡು ವಿದೇಶಕ್ಕೆ ಹೊರಡಬೇಕು. ದೊಡ್ಡಬಳ್ಳಾಪುರದ ತೋಟಗಳಿಂದ ಬಂದ ಹೂವು, ಪೆಟ್ಟಿಗೆ ಪೆಟ್ಟಿಗೆ. ಬಾಲದ ಸಣ್ಣ ಎಂಜಿನ್ ಎಂದಿನಂತೆ ಕೆಟ್ಟಿತ್ತು, ಹಾಗಾಗಿ ಒಳಗೆ ತಣ್ಣನೆಯ ಗಾಳಿ ಇಲ್ಲ. ಬಿಸಿಲು ಏರುತ್ತಿತ್ತು. ನಮ್ಮ ಮ್ಯಾನೇಜರ್ ಮೆನೆಜಸ್ ಸಾಹೇಬರ ಮಿರುಗುವ ಬೂಟುಗಳು ನನ್ನ ಸುತ್ತ ಓಡಾಡುತ್ತಲೇ ಇದ್ದವು.

"ಏನ್ರೀ ಧರಣೇಂದ್ರಯ್ಯ, ಇನ್ನೂ ಎಷ್ಟು ಹೊತ್ತು? ಒಳಗೆ ಹೂವು ಬೇಯ್ತಾ ಇದೆ!"

"ಎಂಜಿನ್ ಆರಿಸಿ ಒಂದೂವರೆ ಗಂಟೆ ಅಷ್ಟೇ ಆಗಿದೆ ಸರ್. ಮೂರು ನಿಮಿಷ ತಿರುಗಿಸಲೇಬೇಕು."

"ತಿರುಗಿಸಿ, ಬೇಡ ಅಂದೋರು ಯಾರು? ಆದ್ರೆ ಬೇಗ ತಿರುಗಿಸಿ!"

ಬೇಗ ತಿರುಗಿಸುವ ಮೂರು ನಿಮಿಷ ಎಂಬುದು ಇಲ್ಲ. ಧರಣೇಂದ್ರಯ್ಯನವರಿಗೆ ಅದು ಗೊತ್ತಿತ್ತು. ಆದರೂ ಆ ಬೂಟುಗಳು ದೂರ ಸರಿಯಲಿಲ್ಲ. ಚೌಡಪ್ಪ ಸನ್ನೆ ಎತ್ತಿದ. ನಾನು ಊದತೊಡಗಿದೆ. ತಗಡಿನ ಮೇಲೆ ಎಡಗೈ ಬಂತು. ಬೆರಳು ತಾಳ ಹಾಕಿತು.

ತಾಳ ಬೇರೆ ಇತ್ತು.

ಧರಣೇಂದ್ರಯ್ಯನವರು ಅಂಥ ಮನುಷ್ಯರು, ಒಂಬತ್ತು ಪದ್ಯವನ್ನು ಎಂಟು ಮಾಡುವವರಲ್ಲ. ಪದ್ಯದ ಲೆಕ್ಕದಲ್ಲಿ ಸುಳ್ಳು ಹೇಳಿದರೆ ಅತ್ತೆಯ ಮುಖ ನೋಡಲಾಗದು ಎಂದುಕೊಂಡವರು. ಒಂಬತ್ತನ್ನೂ ಹೇಳಿದರು, ಒಂದಕ್ಷರ ನುಂಗದೆ ಹೇಳಿದರು. ಆದರೆ ಅಂದು ಅವರ ಬಾಯಿಗೆ ಬಂದದ್ದು ಉದ್ದ ಸಾಲಿನ ವಾರ್ಧಕವಲ್ಲ, ಶರ ಷಟ್ಪದಿ. ಮಕ್ಕಳಿಗೆ ಮೊದಲು ಕಲಿಸುವ, ತುಂಡು ಸಾಲಿನ, ಕುಣಿಕುಣಿದು ಹೋಗುವ ಪದ್ಯ. ಒಂದಕ್ಕೆ ಎಂಟು ಸೆಕೆಂಡು. ಬೇಕೆಂದೇ ಬದಲಿಸಿದರೋ, ಆತುರದ ನಾಲಿಗೆ ತಾನೇ ಬದಲಿಸಿಕೊಂಡಿತೋ, ಅವರನ್ನು ಕೇಳಿದರೂ ಆ ಕ್ಷಣದಲ್ಲಿ ಹೇಳಲಾರರು. ಒಂಬತ್ತು ಮುಗಿದಾಗ ಒಂದೂಕಾಲು ನಿಮಿಷವೂ ಆಗಿರಲಿಲ್ಲ. ಅವರು ಕೈ ಎತ್ತಿದರು.

ಮೇಲೆ ಪೈಲಟ್ ಯಾರೊಂದಿಗೋ ಫೋನಿನಲ್ಲಿದ್ದರಂತೆ. ಗಡಿಯಾರ ನೋಡಲಿಲ್ಲ. ಎಣ್ಣೆ ಬಿಟ್ಟರು.

ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಎಷ್ಟು ಉಸಿರು ಕೊಟ್ಟೆ ಎಂಬುದು? ಆದರೆ ಬಿಸಿಲಿನಲ್ಲಿ ನನ್ನ ಹೊಟ್ಟೆ ಕಾದಿತ್ತು. ಅಬ್ಬ, ಬೇಗ ಮುಗಿಯಿತು ಎಂದು ಹಗುರವಾಯಿತು. ಇದು ನನ್ನ ಮೊದಲ ತಪ್ಪು. ಸಣ್ಣದು, ಯಾರಿಗೂ ಕಾಣದ್ದು.

ಎಂಜಿನ್ ಎದ್ದಿತು. ಎದ್ದು, ನಡುಗಿತು. ಗುಂಯ್ ಎನ್ನಬೇಕಾದ ದನಿಯೊಳಗೆ ಗರಗರ ಎಂಬ ಇನ್ನೊಂದು ದನಿ ಸೇರಿಕೊಂಡಿತು. ವಿಮಾನದ ರೆಕ್ಕೆ ನಡುಗಿತು, ನೆಲ ನಡುಗಿತು. "ಆರಿಸಿ! ಆರಿಸಿ!" ಎಂದು ಧರಣೇಂದ್ರಯ್ಯನವರು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎಂಜಿನ್ನಿನ ಒಳರೆಕ್ಕೆಗಳ ತುದಿಗಳು ಉಜ್ಜಿ ಹಾಳಾಗಿದ್ದವು. ವಿಮಾನ ಆರು ದಿನ ಅಲ್ಲೇ ನಿಂತಿತು. ಗುಲಾಬಿಯನ್ನೆಲ್ಲ ಇಳಿಸಿ ನನ್ನ ಶೆಡ್ಡಿನ ಪಕ್ಕದಲ್ಲಿ ಪೇರಿಸಿದರು. ಮೊದಲ ದಿನ ಪರಿಮಳ, ಎರಡನೆಯ ದಿನ ಅತಿಯಾದ ಪರಿಮಳ, ಮೂರನೆಯ ದಿನ ಕೊಳೆತ ವಾಸನೆ. ಇಂದಿಗೂ ಯಾರಾದರೂ ಗುಲಾಬಿ ಮುಡಿದು ಹತ್ತಿರ ಬಂದರೆ ನನಗೆ ಆ ಮೂರನೆಯ ದಿನ ನೆನಪಾಗುತ್ತದೆ.

ವಿಚಾರಣೆ ಆಯಿತು. ದೊಡ್ಡ ಕಚೇರಿಯಿಂದ ಇಬ್ಬರು ಬಂದರು. ನನ್ನ ಪಕ್ಕದಲ್ಲೇ ನಿಂತು ಒಬ್ಬೊಬ್ಬರನ್ನೇ ಕೇಳಿದರು.

"ಎಷ್ಟು ಹೊತ್ತು ತಿರುಗಿಸಿದಿರಿ?"

ಕಂದು ಬೂಟುಗಳು ಒಮ್ಮೆ ಹಿಂದೆ ಸರಿದು ಮತ್ತೆ ನಿಂತವು. "ಯಾವಾಗಲೂ ತಿರುಗಿಸುವಷ್ಟೇ ಸರ್. ಪೂರ್ತಿ."

ಪೂರ್ತಿ ಎಂಬ ಮಾತನ್ನು ಅವರು ಒಂಬತ್ತು ಪದ್ಯದ ಬಲದಿಂದ ಹೇಳಿದರು. ಕೇಳಿದವರು ಮೂರು ನಿಮಿಷ ಎಂದು ಬರೆದುಕೊಂಡರು.

ಹಾಗಿದ್ದರೆ ತರ್ಕ ಸುಲಭವಾಗಿತ್ತು. ಮೂರು ನಿಮಿಷ ತಿರುಗಿಸಿಯೂ ದಂಡ ನೆಟ್ಟಗಾಗಲಿಲ್ಲವೆಂದರೆ, ತಿರುಗಿದ ವೇಗ ಸಾಲದು. ವೇಗ ಸಾಲದೆಂದರೆ ಗಾಳಿ ಕಡಿಮೆ. ಗಾಳಿ ಕಡಿಮೆಯಾದರೆ ತಪ್ಪು ಇಬ್ಬರಲ್ಲಿ ಒಬ್ಬರದು: ಒಂದೋ ಗಾಡಿಯದು, ಇಲ್ಲವೇ ಗಾಡಿ ಓಡಿಸಿದವನದು.

"ಸನ್ನೆ ಪೂರ್ತಿ ಎತ್ತಿದ್ದೆ ಸಾರ್," ಚೌಡಪ್ಪ ಹೇಳಿದ. "ಆದ್ರೆ ನಮ್ಮ ಗಾಡಿಗೆ ಆಗಾಗ ಉಬ್ಬಸ ಬತ್ತದೆ. ಮೊದಲೇ ಹೇಳಿವ್ನಿ, ಬೇಕಾದ್ರೆ ಕೇಳಿ."

"ನೋಡೋಣ. ನಾಳೆ ಊದಿಸಿ ನೋಡ್ತೀವಿ."

ಈಗ ಆ ದಿನಕ್ಕೆ ಬಂದೆ.

ಬೆಳಿಗ್ಗೆ ಚೌಡಪ್ಪ ನನ್ನ ಮೈ ತೊಳೆದ. ಕೊಳವೆಗೆ ಅಳತೆಯ ಮುಳ್ಳು ಕಟ್ಟಿದರು. ಸುತ್ತ ಇಪ್ಪತ್ತು ಜೊತೆ ಬೂಟುಗಳು. ಚೌಡಪ್ಪ ಬಗ್ಗಿ, ಎಣ್ಣೆ ನೋಡುವ ನೆಪದಲ್ಲಿ, ನನಗೆ ಮಾತ್ರ ಕೇಳುವಂತೆ, "ನಿನ್ನ ಇಷ್ಟ ಎಮ್ಮೆ" ಅಂದ. ಕೆಮ್ಮಿಬಿಡು ಎನ್ನಲಿಲ್ಲ. ಹಾಗೆ ಕೇಳುವವನಲ್ಲ ಅವನು.

ಒಂದು ಕೆಮ್ಮು ಸಾಕಿತ್ತು. ಒಂದು ಕ್ಷಣ ಉಸಿರು ಕುಸಿದಿದ್ದರೆ ಎಲ್ಲರೂ ತಲೆಯಾಡಿಸಿ, ಗಾಡಿ ಹಳೆಯದಾಯಿತು ಎಂದು ಬರೆದು ಹೋಗುತ್ತಿದ್ದರು. ನನ್ನನ್ನು ಬಿಚ್ಚುತ್ತಿದ್ದರು, ಹೆಚ್ಚೆಂದರೆ ಗುಜರಿಗೆ ಹಾಕುತ್ತಿದ್ದರು. ಯಂತ್ರಕ್ಕೆ ಮನೆಯಿಲ್ಲ, ಮಕ್ಕಳಿಲ್ಲ, ಖಾಯಂ ಆಗುವ ಆಸೆಯಿಲ್ಲ.

ನಾನು ಕೆಮ್ಮಲಿಲ್ಲ. ಅಷ್ಟು ಜನ ನೋಡುತ್ತಿದ್ದಾರೆ ಎಂಬುದೊಂದೇ ನನ್ನ ತಲೆಗೆ ಹತ್ತಿತು. ಉಬ್ಬಸವಂತೆ ಉಬ್ಬಸ, ತೋರಿಸುತ್ತೇನೆ ಎಂದುಕೊಂಡೆ. ಮೇಸ್ತ್ರಿಯ ಚಿತ್ರಾನ್ನ ಹಾರಿಸಿದ ಆ ಮೊದಲ ದಿನದ ದಮ್ಮು ಎಲ್ಲಿತ್ತೋ, ಬಂತು. ಹತ್ತು ನಿಮಿಷ ಊದಿದೆ. ಅಳತೆಯ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ಒಂದೇ ಕಡೆ ನಿಂತಿತು.

"ವಾಹ್, ಗಾಡಿ ಬಂಗಾರದಂಗಿದೆ" ಅಂದರು ಒಬ್ಬರು. ಇನ್ನೊಬ್ಬರು ಬರೆದುಕೊಂಡರು. ಮೆನೆಜಸ್ ಸಾಹೇಬರು ಚೌಡಪ್ಪನ ಕಡೆ ತಿರುಗಿ, "ಗಾಡಿ ಸರಿ ಇದೆ. ಹಾಗಾದ್ರೆ ಯಾರು ಸರಿ ಇಲ್ಲ, ನೀನೇ ಹೇಳು" ಅಂದರು.

ಚೌಡಪ್ಪ ಒಮ್ಮೆ ತಲೆ ಎತ್ತಿ ಕಂದು ಬೂಟಿನವರ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಕಂದು ಬೂಟುಗಳು ಅಲ್ಲಾಡಲಿಲ್ಲ.

ಸಂಜೆಯೊಳಗೆ ಅವನ ಪಾಸು ಕಿತ್ತುಕೊಂಡರು. ವಿಮಾನಗಳ ಹತ್ತಿರ ಇನ್ನು ಬರುವಂತಿಲ್ಲ. ಹೋಗುವ ಮೊದಲು ಶೆಡ್ಡಿಗೆ ಬಂದು ತನ್ನ ಒರೆಸುವ ಬಟ್ಟೆಯನ್ನು ಹಿಂಡಿ, ನನ್ನ ಹಿಡಿಕೆಯ ಮೇಲೆ ಒಣಹಾಕಿದ. ನನ್ನ ತಗಡನ್ನು ಎರಡು ಸಲ ತಟ್ಟಿದ.

"ಚೆನ್ನಾಗಿ ಊದ್ದೆ ಬಿಡು" ಅಂದ.

ಬೈದಿದ್ದರೆ ಬದುಕುತ್ತಿದ್ದೆ. ಅವನು ವ್ಯಂಗ್ಯವಾಡಲೂ ಇಲ್ಲ. ನಿಜವಾಗಿಯೇ ಮೆಚ್ಚಿ ಹೇಳಿದ. ಅಂದಿನಿಂದ ನನ್ನನ್ನು ಯಾರು ಹೊಗಳಿದರೂ ಆ ಎರಡು ತಟ್ಟು ನೆನಪಾಗುತ್ತದೆ.

ಧರಣೇಂದ್ರಯ್ಯನವರು ಮಾರನೆಯ ದಿನ ಕೈಗೆ ಗಡಿಯಾರ ಕಟ್ಟಿಕೊಂಡು ಬಂದರು. ಅವರ ತುಟಿ ಅಲ್ಲಾಡುವುದು ನಿಂತಿತು. ಎಂಜಿನ್ ತಿರುಗುವಾಗ ಗಡಿಯಾರದ ಮುಳ್ಳನ್ನೇ ದಿಟ್ಟಿಸುತ್ತ ನಿಲ್ಲುವರು. ನನ್ನ ಮೇಲೆ ಕೈ ಇಡುತ್ತಿರಲಿಲ್ಲ. ನನ್ನ ಶೆಡ್ಡಿನ ಎದುರಿಗೇ ಮ್ಯಾನೇಜರ್ ಕಚೇರಿಯ ಮೂರು ಮೆಟ್ಟಿಲು. ಆ ಕಂದು ಬೂಟುಗಳು ಒಂದು ತಿಂಗಳಲ್ಲಿ ಏಳು ಸಲ ಆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದೆ. ಏಳು ಸಲವೂ ಬಾಗಿಲು ತೆರೆಯದೆ ಇಳಿದವು. ಒಂದು ಮಧ್ಯಾಹ್ನ ಅವರು ನನ್ನ ಎಳೆಕಂಬಿಯ ಮೇಲೆ ಕೂತು ವಾರ್ಧಕವೊಂದನ್ನು ಶುರುಮಾಡಿದರು. ಎರಡನೆಯ ಸಾಲಿಗೆ ಬಾಯಿ ಮುಚ್ಚಿತು. ನಾವಿಬ್ಬರೂ ಹಾಗೇ ಕೂತೆವು. ಒಂದೇ ತಪ್ಪಿನ ಎರಡು ತುಂಡುಗಳು.

ಕೆಲ ವರ್ಷದ ಮೇಲೆ ಹಳೆಯ ನಿಲ್ದಾಣದ ಕೆಲಸವೆಲ್ಲ ಹೊಸ ನಿಲ್ದಾಣಕ್ಕೆ ಹೋಯಿತು. ಅಲ್ಲಿಗೆ ಹೊಸ ಊದುಗಾಡಿಗಳು ಬಂದವು. ನನ್ನನ್ನು ಗುಜರಿಯವರು ಬಂದು ನೋಡಿದರು. ಧರಣೇಂದ್ರಯ್ಯನವರು ಅಡ್ಡ ಬಂದರು. ನಿವೃತ್ತಿಯ ನಂತರ ಅವರು ಯಲಹಂಕದ ಆಚೆ, ವಿಮಾನ ರಿಪೇರಿ ಕಲಿಸುವ ಒಂದು ಶಾಲೆಯಲ್ಲಿ ಮೇಷ್ಟರಾಗಲಿದ್ದರು. "ಇದು ಹುಡುಗರಿಗೆ ಕಲಿಯೋಕೆ ಬೇಕು" ಎಂದು ಹೇಳಿ ನನ್ನನ್ನು ಅಲ್ಲಿಗೆ ಎಳೆಸಿದರು. ಪ್ರೀತಿಯಿಂದಲ್ಲ ಎಂದು ನನಗೆ ಗೊತ್ತು. ಸಾಕ್ಷಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವವರೂ ಇರುತ್ತಾರೆ.

ಅಲ್ಲಿ ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳು. ಧರಣೇಂದ್ರಯ್ಯನವರು ಬಾಗಿದ ದಂಡದ ಪಾಠ ಹೇಳುವಾಗ ಗಡಿಯಾರ ಮೇಲೆತ್ತಿ, "ಮೂರು ನಿಮಿಷ ಅಂದರೆ ಮೂರು ನಿಮಿಷ" ಎನ್ನುತ್ತಿದ್ದರು. ಯಾಕೆ ಎಂಬ ಕಥೆ ಮಾತ್ರ ಹೇಳುತ್ತಿರಲಿಲ್ಲ.

ಆ ಗುಲಾಬಿಯ ದಿನದಿಂದ ಹದಿನಾಲ್ಕನೆಯ ವರ್ಷ, ಒಂದು ಬೆಳಿಗ್ಗೆ, ಅವರು ಪಾಠ ಶುರುಮಾಡಿ ನಿಲ್ಲಿಸಿದರು. ಶೆಡ್ಡಿನ ಬಾಗಿಲ ಕಡೆ ನೋಡಿದರು. ಗಡಿಯಾರ ಬಿಚ್ಚಿ ನನ್ನ ತಗಡಿನ ಮೇಲೆ ಇಟ್ಟರು.

"ಇವತ್ತು ಒಂದು ತಪ್ಪಿನ ಕಥೆ ಹೇಳ್ತೀನಿ. ನನ್ನದೇ ತಪ್ಪು."

ಹೇಳಿದರು. ಪದ್ಯ, ಹೂವು, ಧಾಟಿ ಬದಲಾಗಿದ್ದು, ಪೂರ್ತಿ ಎಂದು ಹೇಳಿದ್ದು, ಏಳು ಸಲ ಮೆಟ್ಟಿಲು ಹತ್ತಿದ್ದು. ಒಂದನ್ನೂ ಬಿಡಲಿಲ್ಲ. ಹಿಂದೆ ನಿಂತಿದ್ದ ಯಾರೋ ಪದ್ಯದಲ್ಲಿ ನಿಮಿಷ ಎಣಿಸುವುದನ್ನು ಕೇಳಿ ಕಿಸಕ್ಕೆಂದರು, ಆಮೇಲೆ ಸುಮ್ಮನಾದರು. ಮುಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು. "ಆಮೇಲೆ ಆ ಗಾಡಿಯವರಿಗೆ ಏನಾಯ್ತು ಸರ್?"

ಉತ್ತರ ಬಾಗಿಲ ಕಡೆಯಿಂದ ಬಂತು.

"ನೀರಿನ ಟ್ಯಾಂಕರ್ ಓಡಿಸ್ತಾವ್ನಮ್ಮ. ಹೊಸಕೋಟೆಲಿ."

ರಬ್ಬರ್ ಚಪ್ಪಲಿಗಳು. ಕಪ್ಪು ಬೂಟು ಹೋಗಿ ಎಷ್ಟು ವರ್ಷವಾಗಿತ್ತೋ. ಆದರೆ ಬಲಗಾಲನ್ನು ಸ್ವಲ್ಪ ಹೊರಗೆ ಹಾಕುವ ಆ ನಡಿಗೆಯನ್ನು ನಾನು ಸಾವಿರ ಜನರಲ್ಲಿ ಗುರುತಿಸುತ್ತೇನೆ. ಧರಣೇಂದ್ರಯ್ಯನವರೇ ಅವನನ್ನು ಹುಡುಕಿಸಿ ಕರೆಸಿದ್ದರು. ಈಗ ಅವನು ಎದುರಿಗೆ ನಿಂತಾಗ, ಎಪ್ಪತ್ತು ದಾಟಿದ ಆ ಮನುಷ್ಯ ಎಲ್ಲ ವಿದ್ಯಾರ್ಥಿಗಳೆದುರು ಎರಡೂ ಕೈ ಜೋಡಿಸಿದರು.

"ಚೌಡಪ್ಪ, ನಿನಗೆ ನಾನು…"

"ಕೈ ಇಳಿಸಿ ಸ್ವಾಮಿ. ನಂಗೆ ಅವತ್ತೇ ಗೊತ್ತಿತ್ತು."

"ಏನು?"

"ಹನ್ನೊಂದು ವರ್ಷ ನಿಮ್ಮ ಪಕ್ಕದಾಗೆ ನಿಂತೋನು ನಾನು. ನಿಮ್ಮ ಬೆರಳು ಈ ತಗಡಿನ ಮ್ಯಾಲೆ ಆಡೋದು ನನ್ನ ಕೈಗೆ ಗೊತ್ತಾಗಕಿಲ್ವಾ? ಅವತ್ತು ಕುದುರೆ ಓಡ್ದಂಗೆ ಓಡ್ತು. ಬಾಯಿ ಬಿಡೋಣ ಅನ್ನೋಷ್ಟರಲ್ಲಿ ನೀವು ಕೈ ಎತ್ತಿಬಿಟ್ರಿ."

"ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಪದ್ಯದಾಗೆ ಎಂಜಿನ್ ತಿರುಗಿಸ್ತಾರೆ ಅಂದ್ರೆ ಯಾರು ನಂಬೋರು ಸ್ವಾಮಿ? ನನ್ನೇ ಹುಚ್ಚ ಅಂತಿದ್ರು." ಅವನು ಟವಲಿನಿಂದ ಮುಖ ಒರೆಸಿಕೊಂಡ. "ಅದೂ ಅಲ್ಲ. ನೀವು ಹೇಳ್ತೀರಿ ಅಂದ್ಕೊಂಡೆ. ಗೇಟಿಗೆ ಹೋಗೋಗಂಟ ಹಿಂದೆ ತಿರುಗಿ ತಿರುಗಿ ನೋಡ್ದೆ."

ಚೌಡಪ್ಪ ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಲಿಲ್ಲ ಎಂದೂ ಹೇಳಲಿಲ್ಲ. ನನ್ನ ಹತ್ತಿರ ಬಂದು, ಹೆಗಲ ಮೇಲಿನ ಟವಲಿನಿಂದ ನನ್ನ ಅಳತೆಯ ಗಾಜು ಒರೆಸಿದ. "ಏನ್ ಎಮ್ಮೆ, ಮೈ ತೊಳ್ಯೋರೇ ಇಲ್ವಾ ನಿಂಗೆ?" ಅಂದ. ಆಮೇಲೆ, "ಚಾಲೂ ಮಾಡ್ಲಾ ಸ್ವಾಮಿ?"

ಸನ್ನೆ ಎತ್ತಿದ. ಅದೇ ಕೈ. ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಊದಿದೆ. ಅವನೆದುರು ಚೆನ್ನಾಗಿ ಊದಬಾರದು ಎಂದೂ ಅನಿಸಿತು, ಚೆನ್ನಾಗಿ ಊದಬೇಕು ಎಂದೂ ಅನಿಸಿತು. ಅಷ್ಟರಲ್ಲಿ ಅದು ಬಂತು. ಕೆಮ್ಮು. ಒಂದಲ್ಲ, ಎರಡಲ್ಲ, ಎದೆಯ ತಳದಿಂದ ಕಿತ್ತು ಬಂದ ಕೆಮ್ಮು. ಉಸಿರು ಕುಸಿಯಿತು, ಮುಳ್ಳು ನಡುಗಿ ಬಿತ್ತು, ಕೊಳವೆ ಸತ್ತ ಹಾವಿನಂತೆ ಸೊರಗಿತು. ಅಂದು ಒಂದೇ ಒಂದು ಸಲ ಬರಬೇಕಿದ್ದದ್ದು ಹದಿನಾಲ್ಕು ವರ್ಷ ತಡವಾಗಿ, ಇಪ್ಪತ್ತು ವಿದ್ಯಾರ್ಥಿಗಳೆದುರು ಬಂತು.

ಚೌಡಪ್ಪ ಜೋರಾಗಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನೋಡಿದ್ರಾ ಸ್ವಾಮಿ? ಉಬ್ಬಸ ಅಂತ ನಾ ಬಡ್ಕೊಂಡೆ, ಯಾರಾನ ಕೇಳಿದ್ರಾ?"

ಧರಣೇಂದ್ರಯ್ಯನವರು ನನ್ನನ್ನು ಆರಿಸಲು ಕೈ ಚಾಚಿದರು. ಚೌಡಪ್ಪ ತಡೆದ.

"ಬಿಸಿಯಾಗ್ಯದೆ. ತಟ್ಟನೆ ಆರಿಸಬ್ಯಾಡಿ. ಮೂರು ನಿಮಿಷ ಮೆಲ್ಲಗೆ ಓಡ್ಲಿ, ತಣ್ಣಗಾಗ್ಲಿ."

ಸನ್ನೆಯನ್ನು ಕೆಳಗಿಳಿಸಿದ. ಧರಣೇಂದ್ರಯ್ಯನವರು ತಗಡಿನ ಮೇಲಿದ್ದ ಗಡಿಯಾರಕ್ಕೆ ಕೈಹಾಕಿದರು. ಚೌಡಪ್ಪ ಅದನ್ನು ಎತ್ತಿ ಅವರ ಜೇಬಿಗೆ ಹಾಕಿದ.

"ಇದು ಬ್ಯಾಡ. ಹೇಳಿ."

ನನ್ನ ತಗಡಿನ ಮೇಲೆ ಒಂದು ಕೈ ಬಂತು. ಇನ್ನೊಂದು ಮಗ್ಗುಲಲ್ಲಿ ಇನ್ನೊಂದು ಕೈ ಮೊದಲೇ ಇತ್ತು. ಉದ್ದ ಸಾಲಿನ ಪದ್ಯ, ನಿಧಾನದ ನಡೆ. ಮೂರನೆಯದರಲ್ಲಿ ದನಿ ಒಡೆಯಿತು, ಕೂಡಿಕೊಂಡಿತು. ಆರನೆಯದಕ್ಕೆ ಮತ್ತೆ ನಿಂತಿತು. ಆಗ ಚೌಡಪ್ಪನ ಬೆರಳು ಮುಂದಿನ ಸಾಲಿನ ತಾಳವನ್ನು ತಗಡಿನ ಮೇಲೆ ತಟ್ಟಿ ಎತ್ತಿಕೊಟ್ಟಿತು. ಒಂಬತ್ತನೆಯದು ಮುಗಿದಾಗ ಮೂರು ನಿಮಿಷಕ್ಕಿಂತ ಬಹಳ ಹೆಚ್ಚಾಗಿತ್ತು. ಯಾರೂ ನೋಡಲಿಲ್ಲ.

ಅದಾದ ಮೇಲೆ ನನ್ನನ್ನು ಯಾರೂ ಚಾಲೂ ಮಾಡಿಲ್ಲ. ಮಾಡುವುದೂ ಬೇಡ. ಈಗ ಮೂಲೆಯಲ್ಲಿ ನಿಂತಿದ್ದೇನೆ, ಹಿಡಿಕೆಯ ಮೇಲೆ ಚೌಡಪ್ಪ ಮರೆತುಹೋದ, ಅಥವಾ ಬಿಟ್ಟುಹೋದ, ಟವಲು ಒಣಗುತ್ತಿದೆ. ಕಾದದ್ದು ಒಂದೇ ದಿನದಲ್ಲಿ ತಣ್ಣಗಾಗುವುದಿಲ್ಲ. ನಾಚಿಕೆಯಿಂದ ಬಾಗಿದ ನನ್ನ ನಡು ಪೂರ್ತಿ ನೆಟ್ಟಗಾಯಿತು ಎಂದು ಹೇಳಿದರೆ ಅದೂ ವಿಚಾರಣೆಯಲ್ಲಿ ಹೇಳಿದ ಆ 'ಪೂರ್ತಿ'ಯ ಹಾಗೆಯೇ ಆದೀತು. ಮೆಲ್ಲಗೆ ತಿರುಗುತ್ತಿದೆ ಎಂದಷ್ಟೇ ಹೇಳಬಲ್ಲೆ.